ಸೋತವನ ಮುಖದ ಮೇಲೊಂದು ಬೆಟ್ಟ

1906ರಲ್ಲಿ ನಾಸಿಕ ಸೀಮೆಯ ಜೋಗಲ್‌ಟೆಂಭಿ ಎಂಬ ಹಳ್ಳಿಯ ನೆಲದಿಂದ ಬೆಳ್ಳಿ ನಾಣ್ಯಗಳ ನಿಧಿಯೊಂದು ಹೊರಬಂತು. ಎಣಿಸಿದಾಗ 13 ಸಾವಿರಕ್ಕೂ ಹೆಚ್ಚು. ಒಂದೊಂದೂ ಹೆಬ್ಬೆರಳ ಉಗುರಿನಷ್ಟು, ತೂಕ ಎರಡು ಗ್ರಾಂ ಚಿಲ್ಲರೆ. ಇಷ್ಟು ಬೆಳ್ಳಿ ಒಮ್ಮೆಗೇ ಕೈಗೆ ಬಂದರೆ ಅಕ್ಕಸಾಲಿಗನ ಮೂಸೆ ದೂರವಿರುವುದಿಲ್ಲ. ಹತ್ತು ರೂಪಾಯಿಗೆ ಮೀರಿದ ನಿಧಿ ಸಿಕ್ಕರೆ ಕಲೆಕ್ಟರರಿಗೆ ತಿಳಿಸಲೇಬೇಕು ಎಂಬ ಕಾಯಿದೆ 1878ರಲ್ಲೇ ಬಂದಿತ್ತು, ನಿಜ. ಆದರೆ ಕಾಯಿದೆಗಿಂತ ಕುಲುಮೆ ಚುರುಕು. ಜೋಗಲ್‌ಟೆಂಭಿಯ ಬೆಳ್ಳಿ ಕರಗದೆ ಉಳಿದು ಓದುವವರ ಮೇಜಿನ ಮೇಲೆ ಬಂತಲ್ಲ, ಅದನ್ನು ನಾನು ದೊಡ್ಡ ಪುಣ್ಯವೆಂದೇ ಎಣಿಸುತ್ತೇನೆ.

ಕೂತು ಓದಿದವರು ರೆವರೆಂಡ್ ಎಚ್. ಆರ್. ಸ್ಕಾಟ್. ಅವರ ವರದಿ 1908ರ ಹೊತ್ತಿಗೆ ರಾಯಲ್ ಏಷ್ಯಾಟಿಕ್ ಸೊಸೈಟಿಯ ಮುಂಬಯಿ ಶಾಖೆಯ ಪತ್ರಿಕೆಯಲ್ಲಿ ಅಚ್ಚಾಯಿತು. ಎಲ್ಲವೂ ಒಬ್ಬನೇ ದೊರೆಯ ನಾಣ್ಯಗಳು: ಕ್ಷಹರಾತ ವಂಶದ ನಹಪಾನ, ಕ್ರಿಸ್ತಶಕದ ಮೊದಲ ಶತಮಾನದಲ್ಲಿ ಗುಜರಾತಿನಿಂದ ನಾಸಿಕದವರೆಗೆ ಆಳಿದ ಶಕ ಕ್ಷತ್ರಪ. ಮುಂದುಗಡೆ ಅವನ ತಲೆ, ಸುತ್ತ ಗ್ರೀಕ್ ಅಕ್ಷರಗಳು. ಹಿಂದುಗಡೆ ಬಾಣ ಮತ್ತು ವಜ್ರಾಯುಧ, ಅದೇ ಹೆಸರು ಬ್ರಾಹ್ಮಿಯಲ್ಲಿ ಒಮ್ಮೆ, ಖರೋಷ್ಠಿಯಲ್ಲಿ ಇನ್ನೊಮ್ಮೆ. ಆದರೆ ಮೂರರಲ್ಲಿ ಎರಡು ಪಾಲು ನಾಣ್ಯಗಳಲ್ಲಿ ಈ ಚಿತ್ರ ನೆಟ್ಟಗೆ ಕಾಣುತ್ತಿರಲಿಲ್ಲ. ದೊರೆಯ ಕೆನ್ನೆಯ ಮೇಲೆ ಮೂರು ಕಮಾನುಗಳ ಗುಡ್ಡ. ಚೈತ್ಯವೆಂದು ಕೆಲವರು, ಬೆಟ್ಟವೆಂದು ಕೆಲವರು ಕರೆಯುವ ಗುರುತು ಅದು. ಅದರ ಬುಡದಲ್ಲಿ ಹೊಳೆಯಂತೆ ಬಳುಕುವ ಗೆರೆ, ಸುತ್ತ ಗೌತಮೀಪುತ್ರ ಶ್ರೀ ಸಾತಕರ್ಣಿಯ ಹೆಸರು. ಮಗ್ಗುಲು ತಿರುವಿದರೆ ಬಾಣ, ವಜ್ರಗಳನ್ನು ತುಳಿದು ಕೂತ ಉಜ್ಜಯಿನಿ ಚಿಹ್ನೆ.

ಸಾತವಾಹನ ಗೌತಮೀಪುತ್ರ ಶತ್ರುವಿನ ನಾಣ್ಯಗಳನ್ನು ಕರಗಿಸಲಿಲ್ಲ. ತನ್ನ ಅಚ್ಚಿನ ಕೆಳಗಿಟ್ಟು ಇನ್ನೊಮ್ಮೆ ಹೊಡೆಸಿದ. ಏಟು ಬಲವಾಗಿ ಬಿದ್ದಲ್ಲಿ ಹಳೆಯದು ಅಳಿಸಿತು, ಹಗುರಾಗಿ ಬಿದ್ದಲ್ಲಿ ಎರಡೂ ಉಳಿದವು. ನಹಪಾನನ ಮೂಗು ಕಮಾನಿನ ಸಂದಿಯಿಂದ ಇಣುಕುವ ನಾಣ್ಯಗಳು ಇವೆ. ಗ್ರೀಕ್ ಅಕ್ಷರದ ಬಾಲ ಬ್ರಾಹ್ಮಿ ಅಕ್ಷರಕ್ಕೆ ಸಿಕ್ಕಿಕೊಂಡಿರುವಂಥವೂ ಇವೆ.

ಈ ನಿಧಿ ಬೆಳಕಿಗೆ ಬರುವವರೆಗೆ ನಹಪಾನನನ್ನು ಗೌತಮೀಪುತ್ರನೇ ಸೋಲಿಸಿದನೇ, ಇಬ್ಬರ ನಡುವೆ ಬೇರೆ ದೊರೆಗಳೂ ಆಗಿಹೋಗಿದ್ದರೇ ಎಂಬುದು ವಿದ್ವಾಂಸರ ವಾದಕ್ಕೆ ಬಿಟ್ಟ ವಿಷಯವಾಗಿತ್ತು. ನಾಸಿಕದ ಮೂರನೆಯ ಗುಹೆಯಲ್ಲಿ ಗೌತಮೀಪುತ್ರನ ತಾಯಿ ಬಾಲಶ್ರೀ ಬರೆಸಿದ ಶಾಸನವಿದೆ. ಮೊಮ್ಮಗ ಪುಳುಮಾವಿಯ ಆಳ್ವಿಕೆಯ ಹತ್ತೊಂಬತ್ತನೆಯ ವರ್ಷದ್ದು. ಮಗ ಕ್ಷಹರಾತ ಕುಲವನ್ನು ನಿರ್ಮೂಲ ಮಾಡಿದನೆಂದು ಆಕೆ ಹೇಳುತ್ತಾಳೆ, ಯಾವ ಕ್ಷಹರಾತನನ್ನು ಎಂದು ಹೆಸರಿಸುವುದಿಲ್ಲ. ಅದೇ ಗುಡ್ಡದಲ್ಲಿ ಗೌತಮೀಪುತ್ರನ ಹದಿನೆಂಟನೆಯ ವರ್ಷದ ಆಜ್ಞೆಯೊಂದಿದೆ. ದಂಡಿನ ವಿಜಯದ ಬೀಡಿನಿಂದ ಹೊರಟ ಅಪ್ಪಣೆ. ಅಲ್ಲಿ ಬರುವ ವೈಜಯಂತಿ ನಮ್ಮ ಬನವಾಸಿಯೇ ಎಂದು ಓದಿದ ವಿದ್ವಾಂಸರೂ ಇದ್ದಾರೆ. ಆ ಆಜ್ಞೆಯಲ್ಲಿ ಅವನು ಭಿಕ್ಷುಗಳಿಗೆ ಬಿಟ್ಟುಕೊಟ್ಟ ಹೊಲ ಅದುವರೆಗೆ ಉಷವದಾತನ ಅನುಭೋಗದಲ್ಲಿತ್ತು. ಉಷವದಾತ ನಹಪಾನನ ಅಳಿಯ. ಕಲ್ಲಿನ ಈ ಮಾತುಗಳಿಗೆ ಜೋಗಲ್‌ಟೆಂಭಿಯ ಬೆಳ್ಳಿ ಸಾಕ್ಷಿ ಹೇಳಿತು. ಅಮ್ಮನ ಹೊಗಳಿಕೆಯನ್ನು ಮಗನ ಟಂಕಸಾಲೆ ಹೌದೆಂದಿತು.

ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಉಳಿದ ಆ ಮೂರನೆಯ ಒಂದು ಪಾಲು, ಅಚ್ಚು ಬೀಳದ ನಾಣ್ಯಗಳು. ಸೋತವನ ಹಣ, ಗೆದ್ದವನ ಹಣ ಎರಡನ್ನೂ ಕೂಡಿಟ್ಟವನು ಒಟ್ಟಿಗೇ ಇಟ್ಟಿದ್ದ. ಗೆಲುವಿನ ಗುರುತು ಅವನ ಲೆಕ್ಕಕ್ಕೆ ಬಂದಂತಿಲ್ಲ. ಅವನಿಗೆ ಬೇಕಾದದ್ದು ಬೆಳ್ಳಿ.

ಈ ಬೆಳ್ಳಿ ಎಲ್ಲಿಯದು, ಅದರ ಮೇಲೆ ದೊರೆಯ ತಲೆ ಕೆತ್ತುವ ಪದ್ಧತಿ ಎಲ್ಲಿಯದು ಎಂದು ಹುಡುಕಿಕೊಂಡು ಹೊರಟರೆ ದಾರಿ ಸಮುದ್ರ ದಾಟುತ್ತದೆ. ರೋಮ್ ತನ್ನ ದಿನಾರಿಯಸ್ ಎಂಬ ಬೆಳ್ಳಿ ನಾಣ್ಯವನ್ನು ಕ್ರಿ.ಪೂ. 211ರ ಸುಮಾರಿಗೆ, ಹ್ಯಾನಿಬಲ್‌ನೊಡನೆ ಸಾವುಬದುಕಿನ ಯುದ್ಧ ನಡೆಯುತ್ತಿದ್ದಾಗ ಹೊರಡಿಸಿತು. ಅದರ ಜೊತೆಗೇ ಬಂದ ಇನ್ನೊಂದು ಬೆಳ್ಳಿ ನಾಣ್ಯದಲ್ಲಿ ರೆಕ್ಕೆಯ ಹೆಣ್ಣೊಬ್ಬಳು ಒಂದು ಕಂಬಕ್ಕೆ ಹಾರ ತೊಡಿಸುತ್ತಾಳೆ. ಆ ಕಂಬಕ್ಕೆ ಸೋತ ಸೈನಿಕನ ಕವಚ, ಶಿರಸ್ತ್ರಾಣ ತೂಗುಹಾಕಿವೆ. ಆಕೆ ವಿಕ್ಟೋರಿಯಾ, ಗೆಲುವಿನ ದೇವಿ. ಮುಂದೆ ದಿನಾರಿಯಸ್‌ಗಳ ಮೇಲೆ ಅವಳು ಜೋಡು ಕುದುರೆಯ ರಥ ಓಡಿಸಿದಳು. ಆ ರಥದ ನಾಣ್ಯ ಎಷ್ಟು ಬಳಕೆಯಾಯಿತೆಂದರೆ, ಗಡಿಯಾಚೆಯ ಜರ್ಮನ್ ಬುಡಕಟ್ಟುಗಳು ಹೊಸ ನಾಣ್ಯ ನಂಬದೆ ರಥದ ಹಳೆಯ ನಾಣ್ಯವನ್ನೇ ಕೇಳುತ್ತಿದ್ದರೆಂದು ಟ್ಯಾಸಿಟಸ್ ಬರೆದಿದ್ದಾನೆ. ಕ್ರಿ.ಪೂ. 31ರಲ್ಲಿ ಆಕ್ಟಿಯಮ್ ಕಡಲಲ್ಲಿ ಆಂಟನಿ, ಕ್ಲಿಯೋಪಾತ್ರರನ್ನು ಸೋಲಿಸಿದ ಆಕ್ಟೇವಿಯನ್ ಆ ದೇವಿಯನ್ನು ಭೂಗೋಳದ ಮೇಲೆ ನಿಲ್ಲಿಸಿ ನಾಣ್ಯ ಹೊಡೆಸಿದ. ಈಜಿಪ್ಟ್ ಗೆದ್ದದ್ದಕ್ಕೆ ಮೊಸಳೆಯ ಚಿತ್ರ ಬಂತು. ಕ್ಲಾಡಿಯಸ್ ಬ್ರಿಟನ್ ಗೆದ್ದದ್ದಕ್ಕೆ ಕಮಾನು ಬಂತು. ಸಂಬಳವಾಗಿ ಸೈನಿಕನ ಕೈ ಸೇರುವ ನಾಣ್ಯ ಅವನು ಯಾರಿಗಾಗಿ ಗೆದ್ದನೆಂಬುದನ್ನೂ ನೆನಪಿಸಬೇಕಿತ್ತು. ಪತ್ರಿಕೆಗಳಿಲ್ಲದ ಕಾಲದಲ್ಲಿ ಇದಕ್ಕಿಂತ ದೂರ ಹೋಗುವ ಸುದ್ದಿ ಇನ್ನಾವುದಿತ್ತು?

ಆ ಸುದ್ದಿ ನಮ್ಮ ಕಡಲಿಗೂ ಬಂತು. ಮುಂಬಯಿಯ ವಡಾಲದಲ್ಲಿರುವ ಕನ್ನಡಿಗರು ಇದನ್ನು ದೂರದ ಕತೆ ಎಂದುಕೊಳ್ಳಬೇಕಾಗಿಲ್ಲ. ಹಾರ್ಬರ್ ಲೈನಿನಲ್ಲಿ ಕುರ್ಲಾಕ್ಕೆ ಹೋಗಿ ಗಾಡಿ ಬದಲಿಸಿದರೆ ಕಲ್ಯಾಣ, ಅಂಧೇರಿಯಲ್ಲಿ ಬದಲಿಸಿ ವಿರಾರ್ ಗಾಡಿ ಹತ್ತಿದರೆ ನಾಲಾ ಸೋಪಾರ. ಎರಡೂ ಊರುಗಳ ಹೆಸರು ಪೆರಿಪ್ಲಸ್ ಎಂಬ ಗ್ರೀಕ್ ನಾವಿಕ ಕೈಪಿಡಿಯಲ್ಲಿ ಇವೆ. ಬರೆದವನ ಹೆಸರು ಉಳಿದಿಲ್ಲ, ಕಾಲ ಮೊದಲ ಶತಮಾನದ ನಡುಭಾಗ. ಕಲ್ಯಾಣ ಮೊದಲು ಒಪ್ಪಿತ ಬಂದರಾಗಿತ್ತು, ಈಗ ಅಲ್ಲಿಗೆ ಬರುವ ಗ್ರೀಕ್ ಹಡಗುಗಳನ್ನು ಕಾವಲಿಟ್ಟು ಭರುಕಚ್ಛಕ್ಕೆ, ಅಂದರೆ ಇಂದಿನ ಭರೂಚಿಗೆ ಒಯ್ಯುತ್ತಾರೆ ಎಂದು ಅವನು ಎಚ್ಚರಿಸುತ್ತಾನೆ. ಸಾತವಾಹನರ ಬಂದರನ್ನು ಕ್ಷತ್ರಪರು ಕಟ್ಟಿಹಾಕಿದ್ದರು ಎಂದು ಇದರಿಂದ ತಿಳಿಯುತ್ತದೆ. ಭರುಕಚ್ಛದಲ್ಲಿ ರೋಮಿನ ಚಿನ್ನ, ಬೆಳ್ಳಿ ನಾಣ್ಯಗಳಿಗೆ ಊರ ಹಣದೆದುರು ಒಳ್ಳೆಯ ವಿನಿಮಯ ಸಿಗುತ್ತದೆ ಎಂದೂ ಹೇಳುತ್ತಾನೆ. ಅಲ್ಲಿನ ಒಡೆಯನಾಗಿ ಅವನು ಕರೆಯುವ ಹೆಸರನ್ನು ವಿದ್ವಾಂಸರು ನಹಪಾನನೆಂದೇ ಗುರುತಿಸಿದ್ದಾರೆ. ಮುಂಬಯಿ ಬಂದರಿನ ಮಗ್ಗುಲಲ್ಲೇ ಇರುವ ಘಾರಾಪುರಿಯಲ್ಲಿ ರೋಮನ್ ಮದ್ಯದ ಜಾಡಿಗಳ ಚೂರುಗಳು ಸಿಕ್ಕಿವೆ.

ಹೀಗೆ ಬಂದ ದಿನಾರಿಯಸ್‌ಗಳೆಲ್ಲ ಪಡುವಣ ಕರಾವಳಿಯಲ್ಲಿ ಸಾಲುಸಾಲಾಗಿ ಸಿಗಬೇಕಿತ್ತು. ಸಿಗುವುದಿಲ್ಲ. ದಖ್ಖನಿನ ಪಶ್ಚಿಮದಲ್ಲಿ ಅವು ವಿರಳ. ಸಿಗುವುದು ದಕ್ಷಿಣದ ಒಳನಾಡಿನಲ್ಲಿ: ಕೊಯಮತ್ತೂರಿನ ಬಳಿಯ ವೆಳ್ಳಲೂರಿನಲ್ಲಿ 1842ರಲ್ಲಿ 522, ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ 163.

ಯಶವಂತಪುರದ ಕತೆ ಸರಳ. ರೈಲು ದಾರಿಗೆಂದು ಮಣ್ಣು ಅಗೆಯುತ್ತಿದ್ದಾಗ ಒಂದು ಕುಡಿಕೆ ಸಿಕ್ಕಿತು. ಅದರಲ್ಲಿ ಆಗಸ್ಟಸ್‌ನಿಂದ ಕ್ಲಾಡಿಯಸ್‌ವರೆಗಿನ ನಾಣ್ಯಗಳು. 1965ರಲ್ಲಿ ಅದೇ ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದ ಜಾಗದಲ್ಲಿ ಇನ್ನೊಂದು ನಿಧಿ, 256 ದಿನಾರಿಯಸ್‌ಗಳು. ರೈಲಿಗೆ ನೆಲ ಹದ ಮಾಡುವಾಗ ಒಂದು, ವಿಮಾನದ ಜಾಗದಲ್ಲಿ ಇನ್ನೊಂದು. ಗುದ್ದಲಿ ಹಿಡಿದ ಕೂಲಿಯ ಹೆಸರನ್ನು ಇಂಥ ವರದಿಗಳು ಬರೆದಿಡುವುದು ಅಪರೂಪ. ಅದು ನನಗೆ ಇವತ್ತಿಗೂ ನೋವಿನ ಸಂಗತಿ. ನಾಣ್ಯಶಾಸ್ತ್ರದ ಮೊದಲ ಕೈ ಅವರದೇ.

ದಕ್ಷಿಣ ಭಾರತದ ರೋಮನ್ ಬೆಳ್ಳಿಯಲ್ಲಿ ಎರಡು ಮಾದರಿಗಳದೇ ಬಹುಪಾಲು. ಒಂದು ಆಗಸ್ಟಸ್‌ನದು. ಹಿಂದುಗಡೆ ಅವನ ಇಬ್ಬರು ಮೊಮ್ಮಕ್ಕಳು, ಗಾಯಸ್ ಮತ್ತು ಲೂಸಿಯಸ್, ಗುರಾಣಿ ಈಟಿಗಳ ನಡುವೆ ನಿಂತಿದ್ದಾರೆ. ಸಾಮ್ರಾಜ್ಯಕ್ಕೆ ಮುಂದಿನ ಗೆಲುವು ತರಬೇಕಾದ ಹುಡುಗರು. ಲೂಸಿಯಸ್ ಕ್ರಿ.ಶ. 2ರಲ್ಲಿ ಸತ್ತ. ಗಾಯಸ್ ಆರ್ಮೇನಿಯದಲ್ಲಿ ಗಾಯಗೊಂಡು ಕ್ರಿ.ಶ. 4ರಲ್ಲಿ ತೀರಿಹೋದ. ಅವರ ಮೂರ್ತಿಯಿದ್ದ ಬೆಳ್ಳಿ ಮಾತ್ರ ಅವರ ಸಾವಿನ ನಂತರವೂ ಹಡಗು ಹತ್ತಿ ಮೆಣಸಿನ ನಾಡಿಗೆ ಬರುತ್ತಲೇ ಇತ್ತು. ಎರಡನೆಯದು ಟೈಬೀರಿಯಸ್‌ನದು, ಹಿಂದುಗಡೆ ಪೀಠದ ಮೇಲೆ ಕೂತ ಹೆಂಗಸು. ಎರಡರಲ್ಲೂ ರೆಕ್ಕೆಯ ದೇವಿ ಇಲ್ಲ. ಆದರೆ ಗೆಲುವು ಇಲ್ಲವೆಂದಲ್ಲ. ಇಬ್ಬರು ಚಕ್ರವರ್ತಿಗಳ ತಲೆಗೂ ಲಾರೆಲ್ ಎಲೆಯ ದಂಡೆ ಸುತ್ತಿದೆ. ಗೆದ್ದು ಬಂದ ಸೇನಾನಿ ರೋಮಿನಲ್ಲಿ ಮೆರವಣಿಗೆ ಹೋಗುವಾಗ ತೊಡುವ ದಂಡೆ ಅದು. ಯುದ್ಧಭೂಮಿಯ ದೇವಿಯ ಕೈಯಲ್ಲಿದ್ದ ಹಾರ ಆಳುವವನ ತಲೆಗೆ ಏರಿ ಕೂತಿತ್ತು.

ಇಲ್ಲಿನ ಚಿನಿವಾರರು ಇದೇ ಎರಡನ್ನು ಯಾಕೆ ಮೆಚ್ಚಿದರು? ಬೆಳ್ಳಿ ಶುದ್ಧವಾಗಿತ್ತು, ತೂಕ ಸಮನಾಗಿತ್ತು. ಸಿಂಹಳದ ಅರಸ ಬೇರೆಬೇರೆ ದೊರೆಗಳ ತಲೆಯಿದ್ದರೂ ದಿನಾರಿಯಸ್‌ಗಳ ತೂಕ ಒಂದೇ ಇರುವುದನ್ನು ಕಂಡು ರೋಮಿನವರ ಪ್ರಾಮಾಣಿಕತೆಗೆ ಬೆರಗಾದನೆಂದು ಪ್ಲಿನಿ ಬರೆಯುತ್ತಾನೆ. ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಭಾರತಕ್ಕೆ ಹರಿದುಹೋಗುತ್ತದೆ ಎಂದು ಹಲುಬಿದವನೂ ಅವನೇ. ಕ್ರಿ.ಶ. 64ರಲ್ಲಿ ನೀರೋ ಒಂದು ಪೌಂಡು ಬೆಳ್ಳಿಯಿಂದ 84ರ ಬದಲು 96 ನಾಣ್ಯ ಹೊಡೆಸಿದ, ಬೆರಕೆಯನ್ನೂ ಹೆಚ್ಚಿಸಿದ. ಆಮೇಲಿನ ಬೆಳ್ಳಿ ನಾಣ್ಯಗಳು ದಕ್ಷಿಣ ಭಾರತದ ನಿಧಿಗಳಲ್ಲಿ ತೀರ ಕಡಿಮೆ. ಯಶವಂತಪುರದ ಕುಡಿಕೆಯೂ ಕ್ಲಾಡಿಯಸ್‌ಗೇ ನಿಲ್ಲುತ್ತದೆ.

ಬಿಡಿಯಾಗಿ ಸಿಕ್ಕ ಒಂದೆರಡು ನಾಣ್ಯ ಕೆಲವೊಮ್ಮೆ ನಿಧಿಗಿಂತ ಹೆಚ್ಚು ಹೇಳುತ್ತದೆ. ಚಿತ್ರದುರ್ಗದ ಬೆಟ್ಟಗಳ ಮಡಿಲಲ್ಲಿರುವ ಚಂದ್ರವಳ್ಳಿಯಲ್ಲಿ ಆದದ್ದು ಹಾಗೆ. ಅಲ್ಲಿ ಮೊದಲು ಶಾಸ್ತ್ರೀಯವಾಗಿ ಕಣ್ಣಾಡಿಸಿದವರು ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು, ಕರ್ನಾಟಕ ಕವಿಚರಿತೆ ಬರೆದವರೇ. ಹಳಗನ್ನಡ ಕವಿಗಳ ಕಾಲ ನಿರ್ಣಯಿಸಿದ ಕಣ್ಣು ಮಣ್ಣಿನ ನಾಣ್ಯಗಳನ್ನೂ ನೋಡಿತೆಂಬುದು ನನಗೆ ಹೆಮ್ಮೆಯ ವಿಷಯ. 1929ರಲ್ಲಿ ಎಂ. ಎಚ್. ಕೃಷ್ಣ ಅಲ್ಲಿ ಅಗೆದರು. ಕದಂಬ ಮಯೂರಶರ್ಮನ ಶಾಸನವನ್ನು ಓದಿದರು. ಏಳು ವರ್ಷಗಳ ನಂತರ ಹಲ್ಮಿಡಿ ಶಾಸನವನ್ನು ಬೆಳಕಿಗೆ ತಂದವರೂ ಅವರೇ. ಚಂದ್ರವಳ್ಳಿಯ ನೆಲದಲ್ಲಿ ಸಿಕ್ಕ ಸ್ಥಳೀಯ ನಾಣ್ಯಗಳು ಸೀಸದವು. ಸದಕಣ ಕಳಲಾಯ ಮಹಾರಠಿ ಎಂಬ ನಾಡೊಡೆಯನದು ಅದರಲ್ಲೊಂದು, ಮೇಲೆ ಡುಬ್ಬದ ಗೂಳಿ. ಈ ಸೀಸದ ನಡುವೆ ಆಗಸ್ಟಸ್, ಟೈಬೀರಿಯಸರ ಕಾಲದ ಬೆಳ್ಳಿ.

ಅದರ ಬೆಲೆ ಪೂರ್ತಿ ತಿಳಿದದ್ದು 1947ರಲ್ಲಿ. ಭಾರತೀಯ ಪುರಾತತ್ವ ಸರ್ವೇಕ್ಷಣದ ಮುಖ್ಯಸ್ಥ ಮಾರ್ಟಿಮರ್ ವೀಲರ್‌ಗೆ ದಕ್ಷಿಣ ಭಾರತದ ಪ್ರಾಚೀನ ಕಾಲಕ್ಕೆ ಒಂದು ನಂಬಿಕೆಯ ಮೊಳೆ ಬೇಕಿತ್ತು. ಕಲ್ಲುಕೊಡಲಿಯವರು, ಕಲ್ಗೋರಿಯವರು, ಸಾತವಾಹನ ಕಾಲದವರು ಒಂದರ ಮೇಲೊಂದು ಪದರವಾಗಿ ಮಲಗಿದ್ದರು. ಯಾವ ಪದರಕ್ಕೆ ಯಾವ ಶತಮಾನ ಎಂದು ಹೇಳುವ ದಾರಿ ಇರಲಿಲ್ಲ. 1944ರಲ್ಲಿ ಮದರಾಸು ಮ್ಯೂಸಿಯಮ್ಮಿನ ಕಪಾಟಿನಲ್ಲಿ ಅವರು ರೋಮನ್ ಜಾಡಿಯ ಚೂರೊಂದನ್ನು ಕಂಡರು. ಅದು ಬಂದ ಜಾಗ ಪುದುಚೇರಿ ಬಳಿಯ ಅರಿಕಮೇಡು. ಮರುವರ್ಷ ಅಲ್ಲಿ ಅಗೆದಾಗ ಇಟಲಿಯ ಅರೆಝೋದ ಕೆಂಪು ಮಡಕೆಗಳ ಜೊತೆ, ಒಳಗೆ ಚುಕ್ಕಿಗೆರೆಯ ಬಳೆಯಿರುವ ಒಂದು ಬಗೆಯ ಮಡಕೆ ಸಿಕ್ಕಿತು. ಅದೇ ಮಡಕೆಯನ್ನು ಹುಡುಕುತ್ತ ಅವರು ಚಿತ್ರದುರ್ಗ ಸೀಮೆಯದೇ ಆದ ಬ್ರಹ್ಮಗಿರಿಗೂ ಚಂದ್ರವಳ್ಳಿಗೂ ಬಂದರು. ಮಡಕೆ ಸಿಕ್ಕಿತು. ಮಡಕೆಯ ಕಾಲಕ್ಕೆ ಒತ್ತಾಸೆಯಾಗಿ ರೋಮಿನ ಬೆಳ್ಳಿ ನಿಂತಿತು. ಆಳಿದ ವರ್ಷಗಳು ಖಚಿತವಾಗಿ ಗೊತ್ತಿರುವ ದೊರೆಯ ತಲೆ ಒಂದು ಪದರದಲ್ಲಿ ಇದ್ದರೆ ಆ ಪದರ ಅವನಿಗಿಂತ ಹಳೆಯದಾಗಿರಲಾರದು. ರೋಮಿನ ಗೆಲುವು ಸಾರಲು ಹುಟ್ಟಿದ ನಾಣ್ಯ ಕನ್ನಡ ನಾಡಿನ ಇತಿಹಾಸಕ್ಕೆ ತಾರೀಖು ಬರೆದುಕೊಟ್ಟಿತು. ಯಾವ ಚಕ್ರವರ್ತಿಯೂ ಊಹಿಸಿರದ ಕೆಲಸ.

ಚಿತ್ರ ಇಲ್ಲಿ ಏನೂ ಮಾಡಲಿಲ್ಲ ಎಂದಲ್ಲ. ತೆಲಂಗಾಣದ ಕೊಂಡಾಪುರ, ಮಹಾರಾಷ್ಟ್ರದ ತೇರ್, ನೇವಾಸಾಗಳಲ್ಲಿ ಸುಟ್ಟ ಮಣ್ಣಿನ ಪುಟ್ಟ ಬಿಲ್ಲೆಗಳು ಸಿಕ್ಕಿವೆ. ಟೈಬೀರಿಯಸ್‌ನ ನಾಣ್ಯವನ್ನೇ ಒತ್ತಿ ತೆಗೆದ ಅಚ್ಚು, ದಾರ ಪೋಣಿಸಲು ತೂತು. ಬೆಳ್ಳಿಗೆ ಕೈ ನಿಲುಕದವರು ಮಣ್ಣಿನ ಚಕ್ರವರ್ತಿಯನ್ನು ಕೊರಳಿಗೆ ಹಾಕಿಕೊಂಡರು.

ನಹಪಾನನ ಟಂಕಸಾಲೆಯಲ್ಲಿ ಆದದ್ದು ಇದಕ್ಕಿಂತ ಆಳವಾದ ಅನುಕರಣೆ. ಜೋಗಲ್‌ಟೆಂಭಿಯ ಮುಖಗಳನ್ನು ಹೋಲಿಸಿ ನೋಡಿದ ಸ್ಕಾಟ್ ಅವು ಒಬ್ಬನವೇ ಎಂಬಂತಿಲ್ಲ ಎಂಬುದನ್ನು ಗಮನಿಸಿದರು. ಒಂದರಲ್ಲಿ ಎಳೆಯ ವಯಸ್ಸು, ಇನ್ನೊಂದರಲ್ಲಿ ಗುಳಿಬಿದ್ದ ಕೆನ್ನೆ. ಒಂದರಲ್ಲಿ ಚೂಪು ಮೂಗು, ಇನ್ನೊಂದರಲ್ಲಿ ಮೊಂಡು. ಕೆತ್ತಿದವರ ಕಣ್ಣೆದುರು ದೊರೆಗಿಂತ ಹೆಚ್ಚಾಗಿ ರೋಮಿನ ನಾಣ್ಯಗಳಿದ್ದವೆಂದು ಹಲವು ವಿದ್ವಾಂಸರು ತರ್ಕಿಸಿದ್ದಾರೆ. ಭರುಕಚ್ಛಕ್ಕೆ ಬಂದ ದಿನಾರಿಯಸ್‌ಗಳು ಕರಗಿ ಕ್ಷತ್ರಪರ ನಾಣ್ಯಗಳಾದವೆಂಬ ಊಹೆಯೂ ಬಲವಾದದ್ದು. ಪಶ್ಚಿಮದಲ್ಲಿ ದಿನಾರಿಯಸ್ ವಿರಳವಾಗಿರುವುದಕ್ಕೆ ಅದಕ್ಕಿಂತ ಒಪ್ಪುವ ಕಾರಣ ನನಗೆ ಕಾಣುವುದಿಲ್ಲ. ಜೈನ ಕತೆಯೊಂದರಲ್ಲಿ ಭರುಕಚ್ಛದ ನಹವಾಹನನಿಗೆ ಬೊಕ್ಕಸದ ಬಲ, ಪ್ರತಿಷ್ಠಾನದ ಶಾಲಿವಾಹನನಿಗೆ ದಂಡಿನ ಬಲ. ಬೊಕ್ಕಸ ಬರಿದಾದ ಮೇಲೆಯೇ ಕೋಟೆ ಬಿದ್ದದ್ದು. ಕತೆ ಕತೆಯೇ ಇರಲಿ, ಆ ಬೊಕ್ಕಸದ ಬೆಳ್ಳಿಯನ್ನು ಜೋಗಲ್‌ಟೆಂಭಿ ನಮ್ಮ ಕೈಗೆ ಇಟ್ಟಿದೆ.

ಗೌತಮೀಪುತ್ರ ಶತ್ರುವಿನ ಮುಖ ಅಳಿಸಿದ, ಆ ಜಾಗದಲ್ಲಿ ತನ್ನ ಮುಖ ಒತ್ತಿಸಲಿಲ್ಲ. ಬೆಟ್ಟ, ಹೊಳೆ, ಹೆಸರು, ಅಷ್ಟೇ. ಆ ಬಿಗುಮಾನ ಮುಂದಿನವರಿಗೆ ಉಳಿಯಲಿಲ್ಲ. 1882ರಲ್ಲಿ ಪಂಡಿತ ಭಗವಾನ್‌ಲಾಲ್ ಇಂದ್ರಜಿ ಸೋಪಾರದ ದಿಬ್ಬವೊಂದನ್ನು ತೆರೆಸಿದರು. ಜುನಾಗಢದಲ್ಲಿ ಹುಟ್ಟಿ ಮುಂಬಯಿಯಲ್ಲಿ ನೆಲೆಸಿದ ಅವರು ನಾಸಿಕದ ಗುಹಾಶಾಸನಗಳನ್ನು ಓದಿ ಪಳಗಿದವರು. ದಿಬ್ಬದೊಳಗೆ ಇಟ್ಟಿಗೆಯ ಸ್ತೂಪ, ಸ್ತೂಪದ ನಡುವೆ ಕಲ್ಲಿನ ಪೆಟ್ಟಿಗೆ, ಅದರಲ್ಲಿ ಎಂಟು ಕಂಚಿನ ಬುದ್ಧಮೂರ್ತಿಗಳ ನಡುವೆ ತಾಮ್ರದ ಕರಂಡ. ಒಳಗೊಳಗೆ ಬೆಳ್ಳಿ, ಕಲ್ಲು, ಸ್ಫಟಿಕ, ಚಿನ್ನದ ಕರಂಡಗಳು. ಕೊನೆಯದರಲ್ಲಿ ಭಿಕ್ಷಾಪಾತ್ರೆಯದೆಂದು ನಂಬಲಾದ ಮಣ್ಣಿನ ಹದಿಮೂರು ಚೂರುಗಳು. ಚಿನ್ನದ ಹೂಗಳ ಜೊತೆಗೆ ಸವೆಯದ ಒಂದು ಬೆಳ್ಳಿ ನಾಣ್ಯವೂ ಇತ್ತು. ಸಾತವಾಹನ ಯಜ್ಞಶ್ರೀ ಸಾತಕರ್ಣಿಯದು. ಅದರ ಮೇಲೆ ದೊರೆಯ ತಲೆ ಇದೆ, ಕ್ಷತ್ರಪರ ನಾಣ್ಯದ ಅಳತೆಗೆ, ಕ್ಷತ್ರಪರ ನಾಣ್ಯದ ಮಾದರಿಯಲ್ಲಿ. ಸಾತವಾಹನರ ಇಂಥ ತಲೆಯ ನಾಣ್ಯಗಳ ಒಂದು ಮಗ್ಗುಲ ಬರಹ ಪ್ರಾಕೃತ, ಇನ್ನೊಂದು ಮಗ್ಗುಲದು ದ್ರಾವಿಡ ನುಡಿ. ಪಂಡಿತರು 1888ರಲ್ಲಿ ತೀರಿಕೊಂಡರು, ಜೋಗಲ್‌ಟೆಂಭಿಯನ್ನು ನೋಡಲಿಲ್ಲ. ನೋಡಿದ್ದರೆ, ಗೆದ್ದ ವಂಶ ಸೋತ ವಂಶದ ರೂಢಿಯನ್ನು ತನ್ನದು ಮಾಡಿಕೊಂಡ ಇಡೀ ಸರಣಿ ಅವರ ಅಂಗೈಯಲ್ಲೇ ಇರುತ್ತಿತ್ತು. ಸೋಪಾರದ ಕರಂಡಗಳು ಮುಂಬಯಿ ಏಷ್ಯಾಟಿಕ್ ಸೊಸೈಟಿಯ ಸಂಗ್ರಹಕ್ಕೆ ಬಂದವು. ವಡಾಲದಿಂದ ಹಾರ್ಬರ್ ಗಾಡಿಯಲ್ಲಿ ಸಿಎಸ್‌ಎಂಟಿಗೆ ಹೋಗಿ ಇಳಿದರೆ ಸೊಸೈಟಿ ಇರುವ ಟೌನ್‌ಹಾಲ್ ನಡಿಗೆಯ ದೂರ.

ಪಶ್ಚಿಮದ ಕ್ಷತ್ರಪರು ನಹಪಾನನ ನಂತರವೂ ಸುಮಾರು ಮುನ್ನೂರು ವರ್ಷ ಅದೇ ಅಳತೆಯ ಬೆಳ್ಳಿಯನ್ನು ಹೊಡೆದರು, ಹಿಂದುಗಡೆ ಮಾತ್ರ ಬಾಣ, ವಜ್ರಗಳ ಬದಲು ಬೆಟ್ಟ ಬಂತು. ಕ್ರಿ.ಶ. 400ರ ಆಸುಪಾಸಿನಲ್ಲಿ ಗುಪ್ತರ ಎರಡನೆಯ ಚಂದ್ರಗುಪ್ತ ಅವರ ನಾಡನ್ನು ಗೆದ್ದ. ಅವನು ಹೊಡೆಸಿದ ಬೆಳ್ಳಿ ನಾಣ್ಯದ ಹಿಂದುಗಡೆಯಿಂದ ಕ್ಷತ್ರಪರ ಬೆಟ್ಟ ಹೋಯಿತು, ಆ ಜಾಗಕ್ಕೆ ಗರುಡ ಬಂತು. ಮುಂದುಗಡೆ ದೊರೆಯ ತಲೆ ಹಾಗೇ ಉಳಿಯಿತು. ಅದರ ಅಂಚಿನಲ್ಲಿ, ಓದಿದರೆ ಅರ್ಥವಾಗದಷ್ಟು ಕೆಟ್ಟ ಗ್ರೀಕ್ ಅಕ್ಷರಗಳ ಗುರುತೂ ಉಳಿಯಿತು.